ಎದುರಿಗೆ ಕೂತವರು ಯಾರು?

ಉತ್ತರ ಕನ್ನಡ ಜಿಲ್ಲೆಯ ಕಾರವಾರದಲ್ಲಿ ಕಾಲೇಜು ಮಕ್ಕಳ ಎದುರು ಆಡಿದ ಮಾತುಗಳಿವು. ಬರೆಯುವಾಗ ಅಲ್ಲಲ್ಲಿ ಸ್ವಲ್ಪ ಸೇರಿಸಿದ್ದೇನೆ, ಧಾಟಿ ಮಾತ್ರ ಹಾಗೇ ಬಿಟ್ಟಿದ್ದೇನೆ.

ಜಾಗತಿಕ ಮಾಧ್ಯಮ ನಮ್ಮ ಊರಿನ ಸಂಸ್ಕೃತಿಗೆ ಏನು ಮಾಡಿದೆ, ಅದರ ಬಗ್ಗೆ ಮಾತಾಡಿ ಅಂದಿದ್ದಾರೆ. ವಿಷಯ ದೊಡ್ಡದು. ಆದರೆ ಅದರ ಒಂದು ತುದಿಯನ್ನು ನಾನು ಕೈಯಲ್ಲೇ ಹಿಡಿದಿದ್ದೆ. 1993ರಲ್ಲಿ ಅಂಕೋಲಾ ಪೇಟೆಯಲ್ಲಿ, ಆಮೇಲೆ ಸುತ್ತಲಿನ ಹಳ್ಳಿಗಳಲ್ಲಿ ಮನೆ ಮನೆಗೆ ಕೇಬಲ್ ಎಳೆದ ಹುಡುಗರಲ್ಲಿ ನಾನೂ ಒಬ್ಬ. ಕಂಬ ಇರಲಿಲ್ಲ. ತೆಂಗಿನ ಮರದಿಂದ ತೆಂಗಿನ ಮರಕ್ಕೆ ವೈರ್ ಕಟ್ಟುತ್ತಿದ್ದೆವು. ಮಳೆಗಾಲದಲ್ಲಿ ಮಡಲು ಬಿದ್ದು ವೈರ್ ತುಂಡಾಗುತ್ತಿತ್ತು, ಸಿಡಿಲಿಗೆ ಪೆಟ್ಟಿಗೆ ಸುಟ್ಟು ಹೋಗುತ್ತಿತ್ತು, ರಾತ್ರಿ ಹತ್ತು ಗಂಟೆಗೆ ಮನೆ ಬಾಗಿಲಿಗೆ ಬಂದು "ತಮಾ, ಟಿವಿ ಬರ್ತಾ ಇಲ್ಲ, ಒಂದ್ಸಲ ಬಾ" ಅಂತ ಕರೆಯುವವರಿದ್ದರು. ಹೋಗುತ್ತಿದ್ದೆವು.

ಅದಕ್ಕೆ ಮೊದಲು ದೂರದರ್ಶನ ಒಂದೇ. 1987-88ರಲ್ಲಿ ರಾಮಾಯಣ ಬರುತ್ತಿದ್ದ ಭಾನುವಾರಗಳು ನಿಮ್ಮ ಅಪ್ಪ ಅಮ್ಮಂದಿರಿಗೆ ನೆನಪಿರುತ್ತವೆ. ಟಿವಿ ಇದ್ದ ಮನೆಯ ಜಗಲಿ ತುಂಬ ಜನ. ಮಾಡಿನ ಮೇಲೆ ಆಂಟೆನಾ ತಿರುಗಿಸುವ ಒಬ್ಬ ಹುಡುಗ, ಕೆಳಗಿನಿಂದ "ಬಂತು, ಬಂತು, ಹೋಯ್ತು" ಅಂತ ಕೂಗುವ ಇನ್ನೊಬ್ಬ. ಆಮೇಲೆ 1991ರಲ್ಲಿ ಹಾಂಗ್‌ಕಾಂಗಿನ ಸ್ಟಾರ್ ಟಿವಿ, 1992ರ ಅಕ್ಟೋಬರಿನಲ್ಲಿ ಝೀ. ಉಪಗ್ರಹದ ಕನ್ನಡ ಚಾನೆಲ್ ಉದಯ ಬಂದಿದ್ದು 1994ರಲ್ಲಿ. ಅಂದರೆ ನಾವು ಕಟ್ಟಿದ ವೈರಿನಲ್ಲಿ ಮೊದಲು ಹರಿದು ಬಂದಿದ್ದು ಇಂಗ್ಲಿಷು ಮತ್ತು ಹಿಂದಿ. ನಮ್ಮ ಮಾತು ಹಿಂದಿನಿಂದ ಬಂತು.

ಒಂದು ಮನೆಯಲ್ಲಿ ಸಂಪರ್ಕ ಕೊಟ್ಟು ಚಾನೆಲ್ ಹಾಕಿ ತೋರಿಸುತ್ತಿದ್ದೆ. ಯಾವುದೋ ಅಮೆರಿಕದ ಧಾರಾವಾಹಿ. ದೊಡ್ಡ ಮನೆ, ಹೊಳೆಯುವ ನೆಲ, ಸೋಫಾ ಮೇಲೆ ಕೂತು ಜಗಳ ಆಡುವ ಗಂಡ ಹೆಂಡತಿ. ಮನೆಯ ಅಜ್ಜಿ ಬಾಗಿಲ ಮರೆಯಲ್ಲಿ ನಿಂತೇ ನೋಡುತ್ತಿದ್ದರು, ಸೆರಗು ಸರಿ ಮಾಡಿಕೊಂಡು. ಸ್ವಲ್ಪ ಹೊತ್ತಾದ ಮೇಲೆ ಮೆಲ್ಲಗೆ ಕೇಳಿದರು. "ತಮಾ, ಅವರಿಗೆ ನಾವು ಕಾಣ್ತೇವಾ?"

ಇಲ್ಲ ಅಜ್ಜಿ, ನಾವು ಮಾತ್ರ ನೋಡೋದು ಅಂದೆ. ಅವರು ಸಮಾಧಾನದಿಂದ ಒಳಗೆ ಬಂದು ಮಣೆ ಹಾಕಿಕೊಂಡು ಕೂತರು.

ಆ ಪ್ರಶ್ನೆಯನ್ನು ಮೂವತ್ತು ವರ್ಷದಿಂದ ಹೊತ್ತುಕೊಂಡು ತಿರುಗುತ್ತಿದ್ದೇನೆ. ಇವತ್ತು ನಾನು ಹೇಳಬೇಕಾಗಿದ್ದೆಲ್ಲ ಅದರೊಳಗೇ ಇದೆ.

ಅಜ್ಜಿ ಕೇಳಿದ್ದನ್ನೇ ದೊಡ್ಡ ದೊಡ್ಡವರೂ ಬೇರೆ ಮಾತಿನಲ್ಲಿ ಕೇಳಿದ್ದರು. ಯುನೆಸ್ಕೋ ಒಂದು ಆಯೋಗ ಮಾಡಿತ್ತು. ಐರ್ಲೆಂಡಿನ ಶಾನ್ ಮ್ಯಾಕ್‌ಬ್ರೈಡ್ ಅಧ್ಯಕ್ಷರು, ನಮ್ಮ ದೇಶದ ಪತ್ರಕರ್ತ ಬಿ. ಜಿ. ವರ್ಗೀಸ್ ಅದರ ಸದಸ್ಯರಲ್ಲಿ ಒಬ್ಬರು. 1980ರಲ್ಲಿ ವರದಿ ಬಂತು. ಸುದ್ದಿಯೂ ಚಿತ್ರವೂ ಕೆಲವೇ ಶ್ರೀಮಂತ ದೇಶಗಳಿಂದ ಉಳಿದವರ ಕಡೆಗೆ ಒಂದೇ ದಿಕ್ಕಿನಲ್ಲಿ ಹರಿಯುತ್ತಿದೆ, ಇದು ಸರಿಯಲ್ಲ, ಎಲ್ಲರ ದನಿಗೂ ಜಾಗ ಬೇಕು ಅನ್ನೋದು ಅದರ ತಿರುಳು. ದೊಡ್ಡ ಜಗಳವೇ ಆಯಿತು. 1984ರ ಕೊನೆಗೆ ಅಮೆರಿಕ ಯುನೆಸ್ಕೋ ಬಿಟ್ಟು ಹೊರನಡೆಯಿತು, ಮರುವರ್ಷ ಬ್ರಿಟನ್ ಕೂಡ. ಈ ಜಗಳವೂ ಅದಕ್ಕೆ ಒಂದು ಕಾರಣ. ಅವರು ನಮ್ಮನ್ನು ನೋಡುವುದಿಲ್ಲ, ನಾವು ಮಾತ್ರ ಅವರನ್ನು ನೋಡುತ್ತೇವೆ ಅನ್ನುವ ದೂರು ಅಷ್ಟು ದೊಡ್ಡದಾಗಿತ್ತು.

ಈಗ ಉತ್ತರ ಬದಲಾಗಿದೆ. ಈಗ ನಾವು ಕಾಣುತ್ತೇವೆ. ನಿಮ್ಮ ಪ್ರತಿಯೊಬ್ಬರ ಕೈಯಲ್ಲೂ ಕ್ಯಾಮೆರಾ ಇದೆ. 2016ರ ಸೆಪ್ಟೆಂಬರಿನಲ್ಲಿ ಜಿಯೋ ಬಂದ ಮೇಲೆ ಡೇಟಾ ಎಷ್ಟು ಅಗ್ಗ ಆಯಿತು ನಿಮಗೆ ಗೊತ್ತು. 2020ರ ಜೂನ್ 29ಕ್ಕೆ ಟಿಕ್‌ಟಾಕ್ ಬ್ಯಾನ್ ಆಯಿತು. ಜುಲೈನಲ್ಲೇ ಇನ್‌ಸ್ಟಾಗ್ರಾಂ ಇಲ್ಲಿ ರೀಲ್ಸ್ ತಂತು. ಸೆಪ್ಟೆಂಬರಿನಲ್ಲಿ ಯೂಟ್ಯೂಬ್ ತನ್ನ ಶಾರ್ಟ್ಸನ್ನು ಪರೀಕ್ಷೆಗೆ ಬಿಟ್ಟಿದ್ದು ಎಲ್ಲಕ್ಕಿಂತ ಮೊದಲು ಭಾರತದಲ್ಲಿ. ಒಂದು ಅಂಗಡಿ ಮುಚ್ಚಿದ ಕೂಡಲೇ ಎರಡು ಅಂಗಡಿ ತೆರೆದವು, ಯಾಕಂದರೆ ಇಲ್ಲಿ ನೋಡುವವರೂ ಜಾಸ್ತಿ, ಮಾಡುವವರೂ ಜಾಸ್ತಿ. ಇದರಿಂದ ನಮ್ಮ ಜಿಲ್ಲೆಗೆ ಒಳ್ಳೆಯದಾಯಿತಾ ಕೆಟ್ಟದಾಯಿತಾ ಅಂತ ಕೇಳಿದರೆ ಒಂದೇ ಮಾತಿನಲ್ಲಿ ನನಗೆ ಹೇಳಲಿಕ್ಕೆ ಬರುವುದಿಲ್ಲ. ನಾನು ಕಂಡಿದ್ದನ್ನು ಹೇಳುತ್ತೇನೆ.

ಮೊದಲು ಒಂದು ಮಾತು. ಹೊರಗಿನಿಂದ ಬಂದಿದ್ದೆಲ್ಲ ನಮ್ಮನ್ನು ಕೆಡಿಸುತ್ತದೆ ಅನ್ನುವವರ ಜೊತೆ ನಾನಿಲ್ಲ. ನಮ್ಮದು ಕರಾವಳಿ. 1956ರ ತನಕ ನಾವು ಮುಂಬೈ ರಾಜ್ಯದಲ್ಲಿದ್ದವರು. ಕಾರವಾರದ ಮನೆಗಳಲ್ಲಿ ಕೊಂಕಣಿ, ಶಾಲೆಯಲ್ಲಿ ಕನ್ನಡ, ಪೇಟೆಯಲ್ಲಿ ಮರಾಠಿ ನಾಟಕದ ನೆನಪು, ಭಟ್ಕಳದ ಮುಸ್ಲಿಮರ ಮನೆಗಳಲ್ಲಿ ನವಾಯತಿ ಭಾಷೆ, ಘಟ್ಟ ಹತ್ತಿದರೆ ಹವ್ಯಕ ಕನ್ನಡ. ಇಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದ ಅಣ್ಣನ ಮನೆಗೆ ಬಂದ ಬಂಗಾಳದ ಹುಡುಗ ರವೀಂದ್ರನಾಥ ಟಾಗೋರರು ಇದೇ ಕಡಲಿನ ದಂಡೆಯಲ್ಲಿ ಒಂದು ನಾಟಕ ಬರೆದರು. ಇವತ್ತು ಆ ದಂಡೆಗೆ ಅವರದೇ ಹೆಸರು. ಬಂದವರನ್ನು ನಾವು ಯಾವತ್ತೂ ಹೊಸ್ತಿಲಲ್ಲೇ ನಿಲ್ಲಿಸಿದವರಲ್ಲ.

ಶಿರಸಿ ಕಡೆಯ ಅಪ್ಪಿಕೋ ಚಳವಳಿಯನ್ನೇ ನೋಡಿ. ಹಿಮಾಲಯದ ತಪ್ಪಲಿನ ಹೆಂಗಸರು ಗಂಡಸರು ಮರಕ್ಕೆ ಅಂಟಿಕೊಂಡು ನಿಂತ ಸುದ್ದಿ, ಚಿಪ್ಕೋ ಸುದ್ದಿ, ಇಲ್ಲಿಗೂ ಬಂತು. ಸುಂದರಲಾಲ್ ಬಹುಗುಣ ಅವರೇ ಬಂದು ಮಾತಾಡಿದರು. 1983ರ ಸೆಪ್ಟೆಂಬರ್ 8ರಂದು ಸಾಲ್ಕಣಿ ಭಾಗದ ಜನ ಕಾಡಿಗೆ ಹೋಗಿ ಮರ ತಬ್ಬಿ ನಿಂತರು. ಅವರು ಚಿಪ್ಕೋ ಅನ್ನುವ ಹಿಂದಿ ಹೆಸರನ್ನೇ ಇಟ್ಟುಕೊಳ್ಳಬಹುದಿತ್ತು, ಪೇಪರಿನವರಿಗೆ ಗೊತ್ತಿದ್ದಿದ್ದು ಅದೇ. ಆದರೆ ಅಪ್ಪಿಕೋ ಅಂದರು. ಅಂಟಿಕೊಳ್ಳುವುದು ಬೇರೆ, ಅಪ್ಪಿಕೊಳ್ಳುವುದು ಬೇರೆ. ಮಗುವನ್ನು ಅಪ್ಪಿಕೊಳ್ಳುತ್ತೇವೆ. ದೂರದ ಒಂದು ಸುದ್ದಿ ಬಂದು ನಮ್ಮ ಬಾಯಲ್ಲಿ ನಮ್ಮದೇ ಮಾತಾಯಿತು, ಆ ಮಾತಿನ ಹಿಂದೆ ಜನ ಕಾಡಿಗೆ ನಡೆದರು.

ಇದಕ್ಕಿಂತ ನನಗೆ ಹತ್ತಿರದ ಉದಾಹರಣೆ ನಮ್ಮ ಅಂಕೋಲೆಯ ಸುಗ್ಗಿ. ನಮ್ಮ ಕಡೆಯ ಬುಡಕಟ್ಟು ಸಮುದಾಯ ಹಾಲಕ್ಕಿ ಒಕ್ಕಲಿಗರ ಸುಗ್ಗಿ ಕುಣಿತ ನೀವೆಲ್ಲ ನೋಡಿದ್ದೀರಿ. ಹೋಳಿ ಹುಣ್ಣಿಮೆಯ ಹೊತ್ತಿಗೆ ತಲೆಯ ಮೇಲೆ ತುರಾಯಿ, ಕೈಯಲ್ಲಿ ನವಿಲುಗರಿಯ ಕುಂಚ, ಗುಮಟೆ ವಾದ್ಯದ ಸದ್ದು, ಮನೆ ಮನೆಯ ಅಂಗಳಕ್ಕೆ ತಂಡ ಬರುತ್ತದೆ. ಅದರ ಜೊತೆಗೇ ಹಗರಣ ಅಂತ ಒಂದಿದೆ. ವರ್ಷವಿಡೀ ಏನೇನು ಸುದ್ದಿ ಆಯಿತೋ ಅದನ್ನೆಲ್ಲ ವೇಷ ಕಟ್ಟಿ ಅಣಕಿಸುತ್ತಾ ಮೆರವಣಿಗೆ ಹೋಗುವುದು. ಪಂಚಾಯಿತಿ ಸುದ್ದಿಯೂ ಬರುತ್ತದೆ, ದಿಲ್ಲಿಯದೂ ಬರುತ್ತದೆ, ಅದಕ್ಕೂ ಆಚೆಯದೂ. ಕೇಬಲ್ ಬಂದ ಎರಡನೇ ವರ್ಷ ಇರಬೇಕು. ಒಬ್ಬ ಮುದುಕ ದೊಡ್ಡ ಗೆರಸೆಯನ್ನು, ಅಂದರೆ ಮೊರವನ್ನು, ಆಕಾಶಕ್ಕೆ ಮುಖ ಮಾಡಿ ತಲೆಯ ಮೇಲೆ ಕಟ್ಟಿಕೊಂಡು ಬಂದ. ಅದು ಡಿಶ್. ಆ ಗೆರಸೆಯಿಂದ ಒಂದು ಕತ್ತದ ಹಗ್ಗ, ಹಗ್ಗದ ಇನ್ನೊಂದು ತುದಿ ಹಿಂದೆ ಬರುವ ಹೆಣ್ಣು ವೇಷದವನ ಸೊಂಟಕ್ಕೆ. ಅವಳು ಒಲೆ ಮರೆತಿದ್ದಾಳೆ, ಮಗು ಅಳುತ್ತಿದೆ, ಗಂಡ ಬೈಯುತ್ತಿದ್ದಾನೆ, ಅವಳು ಮಾತ್ರ ಗೆರಸೆಯನ್ನೇ ನೋಡುತ್ತಾ ನಡೆಯುತ್ತಿದ್ದಾಳೆ. ರಸ್ತೆಯ ಎರಡೂ ಬದಿ ಜನ ನಕ್ಕು ನಕ್ಕು ಕಣ್ಣು ಒರೆಸಿಕೊಂಡರು. ಹೆಂಗಸರೇ ಜಾಸ್ತಿ ನಕ್ಕರು.

ಅವತ್ತು ನನಗೆ ಖುಷಿಯಾಗಿತ್ತು, ಅಷ್ಟೇ. ಎಷ್ಟು ದೊಡ್ಡ ಕೆಲಸ ನಡೆಯಿತು ಅಂತ ಅರ್ಥ ಆಗಿದ್ದು ಈಚೆಗೆ. ಹಾಂಗ್‌ಕಾಂಗಿನಿಂದ ಹೊರಟ ಒಂದು ಸಂಕೇತ ಆಕಾಶದಿಂದ ಇಳಿದು, ನಮ್ಮ ವೈರಿನಲ್ಲಿ ಓಡಿ, ಮನೆಯ ಒಳಕೋಣೆಗೆ ಹೋಗಿ ಕೂತಿತ್ತು. ಅದನ್ನು ಹಿಡಿದು ಅಂಗಳಕ್ಕೆ ತಂದು, ಗೆರಸೆ ಮಾಡಿ, ಎಲ್ಲರೆದುರು ಇಟ್ಟು, ನೋಡಿ ಇದು ನಮ್ಮ ಮನೆಗೆ ಏನು ಮಾಡ್ತಾ ಇದೆ ಅಂತ ಒಬ್ಬ ಮುದುಕ ತೋರಿಸಿದ. ಯಾವ ವಿಚಾರ ಸಂಕಿರಣವೂ ಅಷ್ಟು ಚೆನ್ನಾಗಿ ಹೇಳಲಾರದು. ಅದನ್ನು ಆತ ಯಾರಿಗೆ ತೋರಿಸಿದ? ರಸ್ತೆ ಬದಿಯಲ್ಲಿ ನಿಂತಿದ್ದ ನಮಗೆ. ಆ ಗಂಡ, ಆ ಹೆಂಡತಿ, ಆ ಅಳುವ ಮಗು ಯಾರ ಮನೆಯವರು ಅಂತ ನಿಂತವರಿಗೆಲ್ಲ ಗೊತ್ತಿತ್ತು. ಎದುರಿಗೆ ನಿಂತವರು ಅವನವರೇ. ತಪ್ಪಾದರೆ ಅಲ್ಲೇ ಕೇಳುವವರು, ಸರಿಯಾದರೆ ಮನೆಗೆ ಕರೆದು ಊಟ ಹಾಕುವವರು.

ಈಗ ಬದಲಾಗಿರುವುದು ಇದು ಅಂತ ನನಗನ್ನಿಸುತ್ತದೆ. ನಾವು ಏನು ನೋಡುತ್ತೇವೆ ಅನ್ನುವುದಕ್ಕಿಂತ ಯಾರ ಎದುರು ಕುಣಿಯುತ್ತಿದ್ದೇವೆ ಅನ್ನೋದು ಬದಲಾಗಿದೆ.

ಕೇಬಲ್ ಕೆಲಸ ಬಿಟ್ಟ ಮೇಲೆ ನಾನು ವಿಡಿಯೋ ಶೂಟಿಂಗಿಗೆ ಇಳಿದೆ. ಮದುವೆ, ಉಪನಯನ, ಜಾತ್ರೆ, ಆಟ. ಯಕ್ಷಗಾನ ಅಂದರೆ ನಮಗೆ ಆಟವೇ. ಹೊನ್ನಾವರದ ಗುಣವಂತೆಯಲ್ಲಿ 1934ರಲ್ಲಿ ಕೆರೆಮನೆ ಶಿವರಾಮ ಹೆಗಡೆಯವರು ಇಡಗುಂಜಿ ಮೇಳ ಕಟ್ಟಿದರು. ಅವರ ಮಗ ಶಂಭು ಹೆಗಡೆಯವರು ದಿಲ್ಲಿಗೆ ಹೋಗಿ ಮಾಯಾ ರಾವ್ ಅವರ ಬಳಿ ನೃತ್ಯ ಸಂಯೋಜನೆ ಕಲಿತು ಬಂದರು. ಹೊರಗಿನಿಂದ ಕಲಿಯುವುದಕ್ಕೆ ಯಾರೂ ಬೇಡ ಅನ್ನಲಿಲ್ಲ, ಅದರಿಂದ ಆಟಕ್ಕೆ ಅಚ್ಚುಕಟ್ಟು ಬಂತು. ಚಿಟ್ಟಾಣಿ ರಾಮಚಂದ್ರ ಹೆಗಡೆಯವರಿಗೆ 2012ರಲ್ಲಿ ಪದ್ಮಶ್ರೀ ಬಂದಾಗ ನಮ್ಮ ಜಿಲ್ಲೆಯೇ ಹಬ್ಬ ಮಾಡಿತು. ಅವರ ಭಸ್ಮಾಸುರ ನೋಡಲಿಕ್ಕೆ ಎಷ್ಟು ದೂರದಿಂದ ಜನ ಬರುತ್ತಿದ್ದರು, ಕ್ಯಾಮೆರಾ ಹಿಡಿದು ನಿಂತ ನನಗೆ ಗೊತ್ತು. ಇವೆಲ್ಲ ನೆನೆಸಿಕೊಂಡರೆ ಈಗಲೂ ಮೈ ಜುಂ ಅನ್ನುತ್ತದೆ.

ಆಟದಲ್ಲಿ ಎದುರಿಗೆ ಕೂತವರ ಪಾತ್ರ ಬಹಳ ದೊಡ್ಡದು. ಮುಂದಿನ ಸಾಲಿನಲ್ಲಿ ಹತ್ತು ಜನ ಹಿರಿಯರು ಕೂತಿರುತ್ತಾರೆ. ಭಾಗವತರ ಪದ್ಯ ಮುಗಿದು ವೇಷಧಾರಿ ಅರ್ಥ ಹೇಳಲು ಶುರು ಮಾಡಿದರೆ ಅವರ ತಲೆ ಅಲ್ಲಾಡುತ್ತದೆ, ಇಲ್ಲವೇ ಅಲ್ಲಾಡುವುದಿಲ್ಲ. ತಲೆ ಅಲ್ಲಾಡದಿದ್ದರೆ ಬಣ್ಣ ಹಚ್ಚುವ ಚೌಕಿಯಲ್ಲಿ ಎಲ್ಲರಿಗೂ ತಿಳಿಯುತ್ತದೆ. ಮಾತು ಜಾರಿದರೆ ಬೆಳಿಗ್ಗೆ ಚಾ ಅಂಗಡಿಯಲ್ಲಿ ಲೆಕ್ಕ ಸಿಗುತ್ತದೆ. ಈಗ ನನ್ನಂಥವರು ಶೂಟ್ ಮಾಡಿದ ಐದು ಗಂಟೆಯ ಆಟದಲ್ಲಿ ಫೋನಿಗೆ ಹೋಗುವುದು ನಲವತ್ತು ಸೆಕೆಂಡು. ಯಾವ ನಲವತ್ತು ಸೆಕೆಂಡು? ಚಂಡೆ ಏರಿದಾಗ ಮಂಡಿ ಹಾಕಿ ತಿರುಗುವ ನಲವತ್ತು ಸೆಕೆಂಡು. ಭಾಷೆ ಗೊತ್ತಿಲ್ಲದವರಿಗೂ ಅದು ಚಂದ ಕಾಣುತ್ತದೆ. ಅರ್ಥಗಾರಿಕೆ ಹೋಗುವುದಿಲ್ಲ. ಕರ್ಣ ತಾಯಿಯೆದುರು ನಿಂತು ಆಡುವ ಮಾತಿಗೆ ಕನ್ನಡ ಬೇಕು, ಕಥೆ ಬೇಕು, ಅರ್ಧ ಗಂಟೆ ಸುಮ್ನೆ ಕೂತು ಕೇಳುವ ಕಿವಿ ಬೇಕು.

ಒಬ್ಬ ಎಳೆಯ ಕಲಾವಿದ ನನ್ನ ಹತ್ತಿರ ಬಂದು ಕೇಳಿದ್ದ: "ಅಣ್ಣ, ನಾ ಹತ್ತು ಸುತ್ತು ತಿರುಗ್ತೆ, ಅದೊಂದನ್ನ ಸರಿಯಾಗಿ ಹಿಡೀರಿ." ಒಳ್ಳೆಯ ಹುಡುಗ, ಶ್ರಮ ಹಾಕುವವನು. ಅವನಿಗೆ ಬೈಯಲು ನನಗೆ ಮನಸ್ಸಿಲ್ಲ, ಅದರಿಂದಲೇ ಅವನಿಗೆ ಎರಡು ಕಡೆ ಕರೆ ಬರುತ್ತದೆ, ಮನೆ ನಡೆಯುತ್ತದೆ. ಆದರೆ ಅವತ್ತು ಮುಂದಿನ ಸಾಲಿನಲ್ಲಿ ಹಿರಿಯರು ಕೂತಿದ್ದರು. ಅವನು ಅವರ ಕಡೆ ನೋಡಲಿಲ್ಲ. ನನ್ನ ಲೆನ್ಸನ್ನೇ ನೋಡುತ್ತಾ ತಿರುಗಿದ. ಲೆನ್ಸಿನ ಆಚೆ ಯಾರಿದ್ದಾರೆ ಅಂತ ಅವನಿಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ಒಬ್ಬ ಕಲಾವಿದ ತನ್ನ ಎದುರಿಗೆ ಕೂತವರನ್ನು ದಾಟಿ, ತಲೆ ಅಲ್ಲಾಡಿಸಲಾಗದ ಯಾರಿಗೋ ಕುಣಿಯುತ್ತಿದ್ದಾನಲ್ಲ ಅಂತ ಅವತ್ತು ರಾತ್ರಿ ನನಗೆ ನಿದ್ದೆ ಬರಲಿಲ್ಲ.

ತುಳಸಿ ಗೌಡರ ಫೋಟೋ ನೆನಪಿದೆಯಾ? ಅಂಕೋಲಾ ತಾಲೂಕಿನ ಹೊನ್ನಳ್ಳಿಯವರು. 2020ರ ಪದ್ಮಶ್ರೀಯನ್ನು ಕೋವಿಡ್ ಕಾರಣಕ್ಕೆ 2021ರ ನವೆಂಬರಿನಲ್ಲಿ ಕೊಟ್ಟರು. ರಾಷ್ಟ್ರಪತಿ ಭವನದ ಕೆಂಪು ಹಾಸಿನ ಮೇಲೆ ಬರಿಗಾಲಲ್ಲಿ, ಹಾಲಕ್ಕಿಯರ ಉಡುಗೆಯಲ್ಲಿ, ಕೊರಳ ತುಂಬ ಮಣಿಸರ ಹಾಕಿಕೊಂಡು ನಡೆದರು. ಆ ಫೋಟೋ ಲೋಕವೆಲ್ಲ ಸುತ್ತಿತು. ನಾನೂ ಹತ್ತು ಜನರಿಗೆ ಕಳಿಸಿದೆ. ಕಣ್ಣಲ್ಲಿ ನೀರು ಬಂದಿತ್ತು.

ಆಮೇಲೆ ಏನಾಯಿತು ನೋಡಿ. ನಮ್ಮ ಕಡೆ ಹಾಲಕ್ಕಿ ಉಡುಗೆಯ ಫೋಟೋಶೂಟ್ ಶುರುವಾಯಿತು. ಕಾಲೇಜಿನ ಎಥ್ನಿಕ್ ಡೇಗೆ ಆ ಮಣಿಸರಕ್ಕೆ ಬೇಡಿಕೆ ಬಂತು. ಇದರಲ್ಲಿ ತಪ್ಪೇನಿದೆ ಅಂತ ಕೇಳಬಹುದು. ಒಂದು ಕಾಲಕ್ಕೆ ಆ ಉಡುಗೆಯಲ್ಲಿ ಪೇಟೆಗೆ ಬಂದ ಹೆಂಗಸರನ್ನು ಜನ ಹೇಗೆ ನೋಡುತ್ತಿದ್ದರು ಅಂತ ಬಲ್ಲವನು ನಾನು, ಹಾಗಾಗಿ ಒಬ್ಬ ಹಾಲಕ್ಕಿ ಹುಡುಗಿ ಇವತ್ತು ಹೆಮ್ಮೆಯಿಂದ ತನ್ನ ಅಜ್ಜಿಯ ಮಣಿಸರ ಹಾಕಿಕೊಂಡರೆ ಅದು ಆ ಫೋಟೋ ಮಾಡಿದ ದೊಡ್ಡ ಉಪಕಾರ ಅಂತಲೇ ಹೇಳುತ್ತೇನೆ. ಆದರೆ ತುಳಸಜ್ಜಿಗೆ ಗೊತ್ತಿದ್ದಿದ್ದು ಬೀಜ. ಅರಣ್ಯ ಇಲಾಖೆಯ ನರ್ಸರಿಯಲ್ಲಿ ದಶಕಗಟ್ಟಲೆ ದುಡಿದು, ಯಾವ ತಾಯಿ ಮರದಿಂದ ಯಾವಾಗ ಬೀಜ ತೆಗೆಯಬೇಕು, ಅದು ಹೇಗೆ ಮೊಳೆಯುತ್ತದೆ ಅಂತ ಓದು ಬರಹ ಇಲ್ಲದೆ ಕಲಿತವರು ಅವರು. ಫೋಟೋ ಲೋಕ ಸುತ್ತಿತು, ಬೀಜದ ವಿದ್ಯೆ ಹೊನ್ನಳ್ಳಿಯಲ್ಲೇ ಉಳಿಯಿತು. 2024ರ ಡಿಸೆಂಬರಿನಲ್ಲಿ ಅವರು ಹೋದರು. ಎರಡು ತಿಂಗಳಿಗೆ, 2025ರ ಫೆಬ್ರವರಿಯಲ್ಲಿ, ಬಡಿಗೇರಿಯ ಜನಪದ ಹಾಡುಗಾರ್ತಿ ಸುಕ್ರಜ್ಜಿ, ಸುಕ್ರಿ ಬೊಮ್ಮಗೌಡರು ಹೋದರು. ಅವರ ತಲೆಯಲ್ಲಿ ಎಷ್ಟು ಹಾಡಿತ್ತು ಅಂತ ಲೆಕ್ಕ ಇಟ್ಟವರಿಲ್ಲ. ನಾಟಿಯ ಹಾಡು ನಾಟಿ ಮಾಡುವಾಗ ಹುಟ್ಟಿದ್ದು, ಬಗ್ಗಿದ ಬೆನ್ನಿಗೆ ಆಸರೆಯಾಗಿ. ಮೈಕಿನ ಎದುರು ನೆಟ್ಟಗೆ ನಿಂತು ಹಾಡಿದರೆ ಅದರ ಉಸಿರಿನ ಲಯವೇ ಬೇರೆಯಾಗುತ್ತದೆ. ಸುಕ್ರಜ್ಜಿ ಎರಡೂ ಕಡೆ ಹಾಡಿದರು, ಯಾಕಂದರೆ ಅವರಿಗೆ ಗದ್ದೆ ಗೊತ್ತಿತ್ತು. ಈಗ ಮೈಕಿನಿಂದಲೇ ಕಲಿಯುವ ಮಕ್ಕಳಿಗೆ ಗದ್ದೆಯನ್ನು ಯಾರು ತೋರಿಸುತ್ತಾರೆ?

ಯಲ್ಲಾಪುರ, ಹಳಿಯಾಳ, ಮುಂಡಗೋಡ ಕಡೆಯ ಸಿದ್ದಿಗಳ ವಿಷಯ ಹೇಳಲೇಬೇಕು. ಆಫ್ರಿಕಾ ಮೂಲದವರು, ಶತಮಾನಗಳ ಹಿಂದೆ ಬಂದವರು, ನಮ್ಮ ಜಿಲ್ಲೆಯಲ್ಲಿ 2003ರಲ್ಲಿ ಪರಿಶಿಷ್ಟ ಪಂಗಡದ ಮಾನ್ಯತೆ ಸಿಕ್ಕಿತು. ಈಗ ಅವರ ಊರುಗಳಿಗೆ ಕ್ಯಾಮೆರಾ ಹಿಡಿದು ಬರುವವರು ಬಹಳ. ದೂರದ ದೇಶಗಳಿಂದಲೂ ಬರುತ್ತಾರೆ. ನನ್ನ ಪರಿಚಯದ ಒಬ್ಬ ಸಿದ್ದಿ ಯುವಕ ಹೇಳಿದ: "ಬಂದವರೆಲ್ಲ ಒಂದೇ ಪ್ರಶ್ನೆ ಕೇಳ್ತಾರೆ ಸರ್. ನೀವು ಎಲ್ಲಿಂದ ಬಂದಿದ್ದು? ನಾನು ಇಲ್ಲೇ ಹುಟ್ಟಿದ್ದು ಅಂದ್ರೆ ಅವರ ಮುಖ ಸಪ್ಪೆ ಆಗ್ತದೆ. ಆಮೇಲೆ ಡಮಾಮಿ ಬಾರಿಸಿ, ಕುಣೀರಿ ಅಂತಾರೆ." ಅವನ ಊರಿಗೆ ಮಳೆಗಾಲದಲ್ಲಿ ರಸ್ತೆ ಇಲ್ಲ. ಅದನ್ನು ತೋರಿಸಿ ಅಂದರೆ ಯಾರೂ ತೋರಿಸುವುದಿಲ್ಲವಂತೆ. ಅವನ ಮನೆಯಲ್ಲಿ ಕೊಂಕಣಿ, ಹೊರಗೆ ಕನ್ನಡ, ಸಂತೆಯಲ್ಲಿ ಮರಾಠಿ. ವಿಡಿಯೋದಲ್ಲಿ ಅವನು ಬರೀ ಆಫ್ರಿಕಾದವನು. ಇದರ ಜೊತೆಗೇ ಇನ್ನೊಂದನ್ನೂ ಅವನೇ ಹೇಳಿದ. ದೂರದ ದೇಶದ ಕಪ್ಪು ಹಾಡುಗಾರರನ್ನು, ಓಟಗಾರರನ್ನು ಫೋನಿನಲ್ಲಿ ನೋಡಿದ ಮೇಲೆ ಅವನ ತಮ್ಮ ಕೂದಲು ನೆಟ್ಟಗೆ ಮಾಡಿಸಿಕೊಳ್ಳುವುದನ್ನು ಬಿಟ್ಟನಂತೆ. ನಮ್ಮ ಶಾಲೆಗಳು, ನಮ್ಮ ಪೇಟೆಗಳು ಆ ಹುಡುಗನಿಗೆ ಕೊಡದೇ ಹೋದ ಧೈರ್ಯವನ್ನು ಒಂದು ಪರದೆ ಕೊಟ್ಟಿತು. ಇದನ್ನು ಹೇಳದೆ ಬರೀ ದೂರು ಹೇಳಿದರೆ ನಾನು ಸುಳ್ಳು ಹೇಳಿದ ಹಾಗಾಗುತ್ತದೆ.

ಗೋಕರ್ಣದ ಬಗ್ಗೆ ಜಾಸ್ತಿ ಹೇಳುವುದಿಲ್ಲ, ನಿಮಗೆಲ್ಲ ಗೊತ್ತು. ಕೋಟಿತೀರ್ಥ, ಮಹಾಬಲೇಶ್ವರ, ಶಿವರಾತ್ರಿಯ ತೇರು ಅಂತ ನಾವು ಬೆಳೆದೆವು. ಫೋನಿನಲ್ಲಿ ಗೋಕರ್ಣ ಅಂತ ಹುಡುಕಿದರೆ ಕೆಫೆ, ಬೀಚು, ಸೂರ್ಯಾಸ್ತ. ಹಾಫ್ ಮೂನ್, ಪ್ಯಾರಡೈಸ್ ಅನ್ನುವ ಹೆಸರುಗಳು ನಮ್ಮ ಅಜ್ಜಂದಿರ ಬಾಯಲ್ಲಿ ಇರಲಿಲ್ಲ. ಅಲ್ಲಿನ ಹುಡುಗರೂ ಈಗ ಆ ಹೆಸರುಗಳನ್ನೇ ಹೇಳುತ್ತಾರೆ, ಯಾಕಂದರೆ ಕೇಳಿಕೊಂಡು ಬರುವವರು ಹಾಗೇ ಕೇಳುತ್ತಾರೆ.

ಶಿರೂರಿನ ವಿಷಯಕ್ಕೆ ಬರುತ್ತೇನೆ. ಇದು ಹೇಳುವಾಗ ನನಗೆ ಈಗಲೂ ಕಷ್ಟ. 2024ರ ಜುಲೈ 16ರ ಬೆಳಿಗ್ಗೆ ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿಯ ಮೇಲೆ, ಗಂಗಾವಳಿ ನದಿಯೊಳಗೆ ಬಿತ್ತು. ರಸ್ತೆ ಬದಿಯಲ್ಲಿ ಚಾ ಅಂಗಡಿ ನಡೆಸುತ್ತಿದ್ದ ಕುಟುಂಬ ಹೋಯಿತು. ಲಾರಿಗಳು ಹೋದವು. ನದಿಯ ಆಚೆ ಉಳುವರೆ ಅಂತ ಊರು. ಮಣ್ಣು ಬಿದ್ದ ರಭಸಕ್ಕೆ ನೀರು ಎದ್ದು ಅಲ್ಲಿನ ಮನೆಗಳಿಗೆ ನುಗ್ಗಿತು, ಅಲ್ಲೂ ಜೀವ ಹೋಯಿತು. ಕೇರಳದ ಒಬ್ಬ ಲಾರಿ ಚಾಲಕ ಸಿಕ್ಕಿರಲಿಲ್ಲ. ಮಲಯಾಳಂ ಚಾನೆಲ್‌ಗಳು ಬಂದು ಬೀಡು ಬಿಟ್ಟವು. ದಿನವಿಡೀ ನೇರ ಪ್ರಸಾರ. ದುಬೈಯಲ್ಲಿರುವ ನನ್ನ ಸ್ನೇಹಿತನಿಗೆ ನಮ್ಮ ಶಿರೂರಿನ ಮಣ್ಣಿನ ರಾಶಿ ಮಲಯಾಳಂ ದನಿಯಲ್ಲಿ ತಲುಪಿತು. ಸೆಪ್ಟೆಂಬರ್ 25ರಂದು ನದಿಯಿಂದ ಲಾರಿ ಎತ್ತಿದರು, ಒಳಗೆ ಆ ಹುಡುಗ ಇದ್ದ. ಎರಡು ತಿಂಗಳಾದರೂ ಅವರು ತಮ್ಮ ಹುಡುಗನನ್ನು ಕೈಬಿಡಲಿಲ್ಲ. ನಾನು ಅವರಿಗೆ ಕೈ ಮುಗಿಯುತ್ತೇನೆ.

ಆದರೆ ಉಳುವರೆ? ಅಲ್ಲಿ ಮನೆ ಕಳೆದುಕೊಂಡವರ ಅಂಗಳಕ್ಕೆ ಎಷ್ಟು ಕ್ಯಾಮೆರಾ ಹೋಯಿತು? ನಮ್ಮ ಜಿಲ್ಲೆಯ ಪತ್ರಿಕೆಗಳು ಬರೆದವು. ಕರಾವಳಿ ಮುಂಜಾವು, ಲೋಕಧ್ವನಿಯಂಥ ಪತ್ರಿಕೆಗಳು ನಮ್ಮಲ್ಲಿವೆ, ಊರ ಹುಡುಗರು ಮೊಬೈಲಿನಲ್ಲಿ ಹಿಡಿದು ಹಾಕಿದರು. ಆದರೂ ಲೋಕಕ್ಕೆ ಶಿರೂರು ಅಂದರೆ ಒಂದೇ ಮುಖ ಆಯಿತು. ಇದಕ್ಕೆ ಕೇರಳದವರನ್ನು ದೂರುವುದು ತಪ್ಪು. ಅವರು ತಮ್ಮ ಮಾತಿನಲ್ಲಿ ತಮ್ಮವರಿಗಾಗಿ ಗಟ್ಟಿ ದನಿ ಕಟ್ಟಿಕೊಂಡಿದ್ದಾರೆ. ನಾವು ಕಟ್ಟಿಕೊಂಡಿಲ್ಲ. ನದಿ ದಾಟಿ ಆಚೆ ದಡಕ್ಕೆ ಹೋಗಿ ಕೇಳುವ ಕೆಲಸ ನಮ್ಮದಾಗಿತ್ತು. ನಾನೂ ಕ್ಯಾಮೆರಾ ಇದ್ದವನು, ನಾನೂ ಆ ವಾರ ಆಚೆ ದಡಕ್ಕೆ ಹೋಗಲಿಲ್ಲ. ಇದು ನನ್ನ ಮನಸ್ಸಿನಲ್ಲಿ ಉಳಿದಿದೆ.

ಮಾತಿನ ವಿಷಯವನ್ನೂ ಸ್ವಲ್ಪ ಹೇಳಿಬಿಡುತ್ತೇನೆ. ಶಿರಸಿಯ ಹತ್ತಿರ ಒಂದು ಮನೆಗೆ ಹೋಗಿದ್ದೆ. ನಾಲ್ಕು ವರ್ಷದ ಕೂಸು ಕಾರ್ಟೂನ್ ನೋಡುತ್ತಾ ಹಿಂದಿಯಲ್ಲಿ ಮಾತಾಡುತ್ತಿತ್ತು. ಅಜ್ಜಿ ಹವ್ಯಕ ಭಾಷೆಯಲ್ಲಿ ಕರೆದರೆ ತಿರುಗಿಯೂ ನೋಡಲಿಲ್ಲ. ಅಜ್ಜಿಯೇ ಕೊನೆಗೆ ಎರಡು ಹಿಂದಿ ಶಬ್ದ ಹೇಳಿ ಊಟಕ್ಕೆ ಕರೆದರು. ಅದು ನನಗೆ ತುಂಬ ನೋವಾಯಿತು. ಅದೇ ಮನೆಯಲ್ಲಿ ಆ ಕೂಸಿನ ಚಿಕ್ಕಪ್ಪ ಬೆಂಗಳೂರಿನಲ್ಲಿ ಕೂತು ಹವ್ಯಕ ಭಾಷೆಯಲ್ಲಿ ತಮಾಷೆಯ ವಿಡಿಯೋ ಮಾಡಿ ಹಾಕುತ್ತಾನೆ. ಮೊದಲು ಪೇಟೆಗೆ ಹೋದರೆ ನಮ್ಮ ಮನೆಮಾತನ್ನು ನುಂಗಿಕೊಂಡು ಪುಸ್ತಕದ ಕನ್ನಡ ಆಡುತ್ತಿದ್ದೆವು ಅಲ್ವಾ? ನಾನೂ ಹಾಗೇ ಮಾಡಿದವನು. ಈಗಿನ ಹುಡುಗರು ಹವ್ಯಕ ಭಾಷೆ, ಕಾರವಾರದ ಕೊಂಕಣಿ, ಅಂಕೋಲೆಯ ಕನ್ನಡ ಎಲ್ಲದರಲ್ಲೂ ನಾ ಮುಂದು ತಾ ಮುಂದು ಅಂತ ಮಾತಾಡುತ್ತಾರೆ. ಅವರು ಯಾರಿಗೆ ಮಾತಾಡುತ್ತಿದ್ದಾರೆ ನೋಡಿ. ತಮ್ಮವರಿಗೇ. ಎದುರಿಗೆ ಕೂತವರು ಗೊತ್ತಿದ್ದಾರೆ, ಅದಕ್ಕೇ ಆ ಮಾತಿಗೆ ಜೀವ ಇದೆ.

ಕೇಬಲ್ ಕಾಲದಲ್ಲಿ ನಾವು ಒಂದು ಕ್ಯಾಸೆಟ್ ಅಂಗಡಿಯನ್ನೂ ನೋಡಿಕೊಳ್ಳುತ್ತಿದ್ದೆವು. ಭಟ್ಕಳದ ಕಡೆಯ ಒಬ್ಬರು ತಿಂಗಳಿಗೊಮ್ಮೆ ಬಂದು ಖಾಲಿ ಕ್ಯಾಸೆಟ್ ಎರಡು ಒಯ್ಯುತ್ತಿದ್ದರು. ಮಗ ಗಲ್ಫಿನಲ್ಲಿದ್ದ. ಆ ಮಗನ ತಾಯಿಗೆ ಬರೆಯಲು ಬರುತ್ತಿರಲಿಲ್ಲ. ಆಕೆ ನವಾಯತಿಯಲ್ಲಿ ಕ್ಯಾಸೆಟ್ ತುಂಬ ಮಾತಾಡಿ ಕಳಿಸುತ್ತಿದ್ದರಂತೆ. ಮನೆಯ ಮಾವಿನ ಮರ, ಯಾರ ಮದುವೆ, ಯಾರಿಗೆ ಜ್ವರ, ಹಿಂದೆ ಕೋಳಿ ಕೂಗುವ ಸದ್ದು ಎಲ್ಲ ಸೇರಿ. ಮಗ ಅದನ್ನು ರೂಮಿನವರ ಜೊತೆ ಕೂತು ಕೇಳುತ್ತಿದ್ದನಂತೆ. ಜಪಾನಿನ ಯಂತ್ರ, ಯಾವುದೋ ದೇಶದ ಟೇಪು, ವಿಮಾನದ ಟಪಾಲು. ಅದರೊಳಗೆ ಒಬ್ಬ ತಾಯಿ, ಒಬ್ಬ ಮಗ. ಜಾಗತಿಕ ಮಾಧ್ಯಮ ಅಂದಾಗ ನನಗೆ ಮೊದಲು ನೆನಪಾಗುವುದು ಆ ಕ್ಯಾಸೆಟ್ಟು.

ಮಾತು ಮುಗಿದ ಮೇಲೆ ಒಬ್ಬಳು ಹುಡುಗಿ ಎದ್ದು ಕೇಳಿದಳು. "ಸರ್, ಹಾಗಾದ್ರೆ ನಾವು ರೀಲ್ಸ್ ಮಾಡೋದು ಬಿಡಬೇಕಾ?" ಬೇಡಮ್ಮ ಅಂದೆ. ಮಾಡು. ಮಾಡಿದ್ದನ್ನು ಮೊದಲು ನಿನ್ನ ಅಜ್ಜಿಗೆ ತೋರಿಸು. ಅವರು ಏನಾದರೂ ಸೇರಿಸುತ್ತಾರೆ, ಅದನ್ನೂ ಹಾಕು. "ಅಜ್ಜಿ ಬೈದ್ರೆ?" ಅಂದಳು. ಯಾಕೆ ಬೈದರು ಅಂತ ಕೇಳಿ ಅದನ್ನೂ ಹಾಕು ಅಂದೆ. ಅವಳು ನಕ್ಕಳು, ಆದರೆ ಬರೆದುಕೊಂಡಳು.

ಕೊನೆಗೆ ನನ್ನದೊಂದು ಕೋರಿಕೆ ಇಟ್ಟೆ. ನನ್ನ ಮನೆಯಲ್ಲಿ ನಲವತ್ತಕ್ಕೂ ಹೆಚ್ಚು ಹಳೆಯ ವಿಡಿಯೋ ಕ್ಯಾಸೆಟ್ ಇವೆ. ಸುಗ್ಗಿ, ಹಗರಣ, ಬಯಲಾಟ, ಬಂಡಿ ಹಬ್ಬ. ಕಡಲ ಗಾಳಿಗೆ ಅರ್ಧಕ್ಕರ್ಧ ಬೂಷ್ಟು ಹಿಡಿದಿದೆ, ಉಳಿದಿದ್ದನ್ನು ಕಂಪ್ಯೂಟರಿಗೆ ಇಳಿಸುತ್ತಿದ್ದೇನೆ. ಆ ಗೆರಸೆ ಹೊತ್ತ ಮುದುಕನೂ ಒಂದರಲ್ಲಿದ್ದಾನೆ. ಅವನ ಹೆಸರು ನನಗೆ ಗೊತ್ತಿಲ್ಲ. ಹಾಡುವವರಲ್ಲಿ ಬಹಳ ಜನರ ಹೆಸರು ಗೊತ್ತಿಲ್ಲ, ಕೆಲವು ಹಾಡಿನ ಮಾತು ನನಗೆ ತಿಳಿಯುವುದಿಲ್ಲ. ಮಳೆ ನಿಂತ ಮೇಲೆ ಪ್ರತಿ ಭಾನುವಾರ ಮಧ್ಯಾಹ್ನ ನಮ್ಮ ಮನೆಯ ಜಗಲಿಯಲ್ಲಿ ಒಂದೊಂದೇ ಹಾಕುತ್ತೇನೆ. ನಿಮ್ಮ ಅಜ್ಜಿ ಅಜ್ಜಂದಿರನ್ನು ಕರೆದುಕೊಂಡು ಬನ್ನಿ. ಅವರು ನೋಡಿ ಹೆಸರು ಹೇಳಲಿ, ನೀವು ಬರೆದುಕೊಳ್ಳಿ. ಚಾ ಮತ್ತು ಅವಲಕ್ಕಿ ನಮ್ಮ ಮನೆಯದು.